ಎಂಟು ಪ್ರಶ್ನೆಗೆ ಎಂಟು ಉತ್ತರ

ಸಾಸ್ವೆಹಳ್ಳಿ, ಹೊನ್ನಾಳಿ ತಾಲ್ಲೂಕು
ಭಾನುವಾರ, 9-11-2025

ಪ್ರೀತಿಯ ಸೊಸೆ ಲಕ್ಷ್ಮಿದೇವಿಗೆ,

ಹೆಂಗಿದ್ದೀಯಮ್ಮ? ಜಗಳೂರಿನ ಹಾಸ್ಟೆಲ್ಲಿನಲ್ಲಿ ಅಷ್ಟು ದೊಡ್ಡ ಒಲೆಯ ಮುಂದೆ ನಿಂತು ನಿಂತು ಊದಿದ ಕಾಲು ಇಳಿದಿದೆಯೋ ಇಲ್ಲವೋ? ದೀಪಾವಳಿಗೆ ಬಂದಾಗ ನೋಡಿದೆ, ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚೊತ್ತಿತ್ತು. ಕೆಲಸ ಮುಗಿದ ಮೇಲೆ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡು. ನೂರಿಪ್ಪತ್ತು ಹುಡುಗಿಯರಿಗೆ ಮುದ್ದೆ ತಿರುವುವವಳಿಗೆ ತನ್ನ ಕಾಲಿಗೆ ಒಂದು ಚೊಂಬು ನೀರು ಕಾಯಿಸಲು ಪುರುಸೊತ್ತಿಲ್ಲ ಅಂತ ಮಾತ್ರ ಹೇಳಬೇಡ, ನಾನು ನಂಬುವುದಿಲ್ಲ. ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬಿಡು. ನಿನ್ನ ಗಂಡ ಮಾರುತೇಶ್ ಭತ್ತ ಕೊಯ್ಯುವ ಮಷಿನ್ನಿನ ಹಿಂದೆ ತ್ಯಾವಣಿಗೆ ಕಡೆ ಅಲೆಯುತ್ತಿದ್ದಾನೆ, ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ, ಮೈತುಂಬ ಹೊಟ್ಟು. ನಿನ್ನ ಮಗಳು ದುರ್ಗಿ ಚೆನ್ನಾಗಿದ್ದಾಳೆ. ಮೊನ್ನೆ ರೊಟ್ಟಿ ಹಿಟ್ಟಿನ ಮುದ್ದೆಯೊಳಗೆ ಎರಡೂ ಕೈ ಮೊಣಕೈವರೆಗೆ ಹೂತು ಕೂತಿದ್ದಳು. ಬೈಯಲು ಹೋದವಳು ಆ ಮುಖ ನೋಡಿ ಇನ್ನಷ್ಟು ಹಿಟ್ಟು ಕೊಟ್ಟುಬಂದೆ.

ಫೋನು ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಚಪಲ ಯಾಕೆ ಬಂತು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಕಟ್ ಮಾಡುತ್ತೀಯ. ಕಾಗದವನ್ನಾದರೆ ಹರಿಯಬೇಕು, ಹರಿಯುವ ಮೊದಲು ನಾಲ್ಕು ಸಾಲಾದರೂ ಕಣ್ಣಿಗೆ ಬಿದ್ದಿರುತ್ತವೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಐವತ್ತೈದು ವರ್ಷದ ಹಿಂದೆ. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಪಕ್ಕದ ಮನೆಯ ಬಸವರಾಜ್ ಇವತ್ತು ಜಗಳೂರಿಗೆ ಹೆಣ್ಣು ನೋಡಲು ಹೊರಟಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಇದು ಅವನು ನೋಡುತ್ತಿರುವ ಏಳನೇ ಹೆಣ್ಣು. ಆರು ಜನ ಅವನನ್ನು ನೋಡಿ ಬೇಡ ಅಂದರು, ಅವನು ಮಾತ್ರ ತಾನೇ ಒಪ್ಪಲಿಲ್ಲ ಅಂತ ಹೇಳಿಕೊಂಡು ತಿರುಗುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಹಬ್ಬ ಮುಗಿಸಿ ಬಸ್ಸು ಹತ್ತಿದ ವಾರಕ್ಕೆ ದುರ್ಗಿಯ ಕ್ಯಾಂಪಿನ ಕಾಗದ ಬಂತು. ಹಬ್ಬಕ್ಕೆ ಮೊದಲು ಹೊನ್ನಾಳಿಯಲ್ಲಿ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳನ್ನೆಲ್ಲ ಕರೆಸಿ ಡಾಕ್ಟರು ನೋಡಿದರಲ್ಲ, ಅದರದ್ದು. ಇಂಗ್ಲಿಷು ನನಗೆ ಬರುವುದಿಲ್ಲ, ಅಂಕಿ ಬರುತ್ತದೆ. ಇಪ್ಪತ್ತೈದು ಅಂತ ಇತ್ತು. ನೂರಕ್ಕೆ ಇಪ್ಪತ್ತೈದು ಕುಂದು ಅಂದರೆ ಮುಕ್ಕಾಲು ಪಾಲು ಮಗು ಸರಿ ಇದೆ ಅಂತ ಲೆಕ್ಕ ಹಾಕಿದೆ. ಜ್ವರ ಇಳಿದಷ್ಟು ಒಳ್ಳೆಯದಲ್ಲವೇ, ಹಾಗೆ. ಎರಡು ಸೇರು ಮಂಡಕ್ಕಿ ತರಿಸಿ ಸಕ್ಕರೆ ಬೆರೆಸಿ ಬೀದಿಗೆಲ್ಲ ಹಂಚಿದೆ. ನಮ್ಮ ದುರ್ಗಿಗೆ ಡಾಕ್ಟರೇ ಬರೆದು ಕೊಟ್ಟಿದ್ದಾರೆ, ಏನೂ ಅಂಥ ದೊಡ್ಡದಿಲ್ಲ ಅಂತ ಮನೆಮನೆಗೆ ಹೇಳಿಬಂದೆ.

ಸಾಯಂಕಾಲ ಅಂಜಿನಪ್ಪ ಬಂದ. ಪಂಚಾಯಿತಿಯಲ್ಲಿ ಅಂಗವಿಕಲರ ಕಾಗದಪತ್ರ ನೋಡಿಕೊಳ್ಳುತ್ತಾನಲ್ಲ, ಒಂದು ಕಾಲು ಪೋಲಿಯೋ ಆದವನು, ಹಿಂದೆ ಜೋಡಿ ಗಾಲಿ ಕಟ್ಟಿದ ಸ್ಕೂಟರಿನವನು. ಒಂದು ಮುಷ್ಟಿ ಮಂಡಕ್ಕಿ ತಿಂದು, ಇನ್ನೊಂದು ಮುಷ್ಟಿ ತಿಂದು, ಯಾತಕ್ಕೆ ಅಂತ ಆಮೇಲೆ ಕೇಳಿದ. ಕಾಗದ ತೋರಿಸಿದೆ. ತಟ್ಟೆ ಕೆಳಗಿಟ್ಟ. “ಅಜ್ಜೀ, ಇದು ಪರೀಕ್ಷೆ ಅಲ್ಲ. ನಲವತ್ತಕ್ಕಿಂತ ಕಮ್ಮಿ ಬಂದ್ರೆ ಯಾವ ಸವಲತ್ತೂ ಇಲ್ಲ. ಹೊನ್ನಾಳಿ ಕೇಂದ್ರದ ಪಟ್ಟಿಗೆ ದುರ್ಗಿ ಹೆಸ್ರು ಸೇರಾಕೆ ಬರಲ್ಲ” ಅಂದ.

ಆ ಕೇಂದ್ರ ನೀನೇ ಹುಡುಕಿದ್ದು. ಜನವರಿಯಿಂದ ವಾರಕ್ಕೆ ಮೂರು ದಿನ ಗಾಡಿ ಬಂದು ಮಗುವನ್ನು ಕರೆದುಕೊಂಡು ಹೋಗುತ್ತದೆ, ಮಾತು ಕಲಿಸುವವರು ಇರುತ್ತಾರೆ, ಗುಂಡಿ ಹಾಕಿಕೊಳ್ಳುವುದು, ಕೈತೊಳೆದುಕೊಳ್ಳುವುದು, ತನ್ನ ಬೇಕುಬೇಡ ಹೇಳುವುದು ಎಲ್ಲ ಕಲಿಸುತ್ತಾರೆ ಅಂತ ನೀನು ಎರಡೆರಡು ಸಲ ಹೇಳಿದ್ದೆ. ಇರುವುದು ಇಪ್ಪತ್ತೇ ಜಾಗ. ಆ ಇಪ್ಪತ್ತರಲ್ಲಿ ನಮ್ಮ ಮಗು ಇಲ್ಲ ಅಂತ ಅಂಜಿನಪ್ಪ ಹೇಳಿದಾಗ ನನಗೆ ಬಂದ ಸಿಟ್ಟಿಗೆ ಅವನನ್ನೇ ಆ ಸ್ಕೂಟರಿನ ಐದನೇ ಗಾಲಿ ಮಾಡಿ ಉರುಳಿಸಿಬಿಡುತ್ತಿದ್ದೆ. ಪಾಪ, ಅವನದೇನು ತಪ್ಪು. ಆದರೂ ಇದು ಯಾವ ಸೀಮೆಯ ನ್ಯಾಯ ಹೇಳು. ಲೋಕದಲ್ಲೆಲ್ಲ ಕಡೆ ಮಗುವನ್ನು ಜಾಣೆ ಅಂತ ತೋರಿಸಬೇಕು, ಇಲ್ಲಿ ಮಾತ್ರ ಕೈಲಾಗದವಳು ಅಂತ ಒಪ್ಪಿಸಿದರೆ ಪಾಸು. ಇಪ್ಪತ್ತೈದು ಕುಂದಿದ್ದವರಿಗೆ ಕಲಿಯುವ ಕಷ್ಟ ಇಲ್ಲವೇ? ನಲವತ್ತರ ಗೆರೆ ಎಳೆದವರು ಒಂದು ದಿನ ನಮ್ಮ ದುರ್ಗಿಗೆ ಚಡ್ಡಿ ತೊಡಿಸಿ ನೋಡಲಿ.

ಶಾಲೆಗೆ ಹೋದೆ. ಎರಡು ವರ್ಷದಿಂದ ಎರಡನೇ ಕ್ಲಾಸಿನಲ್ಲೇ ಕೂರಿಸಿದ್ದಾರಲ್ಲ, ಅವರಾದರೂ ಏನಾದರೂ ದಾರಿ ತೋರಿಸುತ್ತಾರೆ ಅಂತ. ನಿನಗೆ ಗೊತ್ತಾ, ಅಲ್ಲಿ ಅವಳ ಪಾಠ ಹೇಗೆ ನಡೆಯುತ್ತದೆ ಅಂತ? ಕಿಟಕಿ ಪಕ್ಕ ಒಂದು ಚಾಪೆ, ಕೈಗೆ ಒಂದು ಸ್ಲೇಟು. ಹಾಜರಿ ಕರೆದಾಗ ಪಕ್ಕದ ಹುಡುಗಿ ದುರ್ಗಿಯ ಕೈ ಹಿಡಿದು ಮೇಲೆತ್ತುತ್ತಾಳೆ. ಅಲ್ಲಿಗೆ ಆ ದಿನದ ವಿದ್ಯೆ ಮುಗಿಯಿತು. ಹೆಡ್‌ಮೇಡಂ ಒಳ್ಳೆಯವರೇ, ಕುರ್ಚಿ ಹಾಕಿಸಿ ಚಹಾ ಕೊಟ್ಟರು. ನಲವತ್ತೆಂಟು ಮಕ್ಕಳು, ಇಬ್ಬರು ಟೀಚರು, ನಾವೇನು ಮಾಡೋಣ ಹೇಳ್ರಿ, ಅಂಗವಿಕಲರ ಕಾರ್ಡ್ ತಂದರೆ ಮೇಲಿನವರಿಗೆ ಬರೆಯಬಹುದು ಅಂದರು. ಕಾರ್ಡಿಗೆ ಹೋದರೆ ನಲವತ್ತು ಬೇಕು, ನಲವತ್ತಕ್ಕೆ ಹೋದರೆ ಮತ್ತೆ ಕ್ಯಾಂಪು ಬೇಕು, ಕ್ಯಾಂಪಿಗೆ ಹೋದರೆ ಇಲಾಖೆಯ ಸಾಹೇಬರ ಸಹಿ ಬೇಕು. ಸಹಿಗೆ ಹೊನ್ನಾಳಿಗೆ ಹೋದೆ. ಅವರು ನ್ಯಾಮತಿಯಲ್ಲಿದ್ದಾರೆ ಅಂದರು. ನ್ಯಾಮತಿಗೆ ಹೋದರೆ ಸವಳಂಗದ ಕಡೆ ಹೋಗಿದ್ದಾರೆ, ನಾಳೆ ಬನ್ನಿ ಅಂದರು. ದುರ್ಗಿಯನ್ನು ಬಿಟ್ಟು ಹೋಗುವಂತಿಲ್ಲ, ಕಟ್ಟಿಕೊಂಡೇ ತಿರುಗಿದೆ. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಶೂ ಬಿಚ್ಚಿ ಹೊರಡುತ್ತಿದ್ದ ಬಸ್ಸಿನ ಕೆಳಗೆ ಎಸೆದಳು. ಒಂದೇ ಶೂ ಹಾಕಿಕೊಂಡ ಮಗುವನ್ನು ಸೊಂಟದ ಮೇಲೆ ಹೊತ್ತು ಬಂದೆ. ಒಂಬತ್ತು ವರ್ಷದ ಮಗು ಸೊಂಟಕ್ಕೆ ಎಷ್ಟು ಭಾರ ಅಂತ ನಿನಗೆ ಬೇರೆ ಹೇಳಬೇಕಿಲ್ಲ. ಹೆಂಗಸರಿಗೆ ಬಸ್ಸು ಬಿಟ್ಟಿ ಅಂತಾರೆ. ಬಸ್ಸು ಬಿಟ್ಟಿ, ತಿರುಗಾಟ ಬಿಟ್ಟಿಯಲ್ಲ.

ಇಷ್ಟರಲ್ಲಿ ನುಜಹತ್ ಟೀಚರ್ ಬಂದರು. ಮನೆಗೇ ಬಂದು ಇಂಥ ಮಕ್ಕಳಿಗೆ ಕಲಿಸುವವರು, ನೀನು ಬಲ್ಲೆ. ಎರಡು ತಾಲ್ಲೂಕಿನ ಮಕ್ಕಳೆಲ್ಲ ಆಕೆಯೊಬ್ಬಳ ಸ್ಕೂಟಿಯ ಮೇಲೆ. ನಮ್ಮ ಪಾಳಿ ತಿಂಗಳಿಗೊಮ್ಮೆ, ಅದೂ ಪಂಕ್ಚರ್ ಆಗದಿದ್ದರೆ. ಬಂದ ತಕ್ಷಣ ಅವರ ಮೇಲೂ ಹರಿಹಾಯ್ದೆ. ಆಕೆ ಬ್ಯಾಗು ಇಳಿಸಿ, ನೀರು ಕುಡಿದು, ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಕ್ಯಾಂಪಿನಲ್ಲಿ ಏನೇನಾಯಿತು ಒಂದೂ ಬಿಡದೆ ಹೇಳಿ ಅಂದರು. ಹೇಳಿದೆ. ನಿನಗೂ ಹೇಳುತ್ತೇನೆ ಕೇಳು, ಯಾಕೆಂದರೆ ಹಬ್ಬಕ್ಕೆ ಬಂದಾಗ ನೀನು ಕೇಳಿದೆ, ನಾನು ಚೆನ್ನಾಗಿ ಆಯಿತು ಅಂತ ಮಾತು ಮುಗಿಸಿಬಿಟ್ಟಿದ್ದೆ.

ಕ್ಯಾಂಪಿಗೆ ಒಂದು ತಿಂಗಳು ಮೊದಲು ಕೆಳಗಿನ ಬೀದಿಯ ದೊಡ್ಡಕ್ಕ ಸಿಕ್ಕಿದ್ದಳು. ಅವಳ ಮೊಮ್ಮಗನನ್ನು ಹೋದ ವರ್ಷ ತೋರಿಸಿದ್ದಾರೆ. ಡಾಕ್ಟರು ಏನು ಕೇಳುತ್ತಾರೆ ಅಂತ ವಿಚಾರಿಸಿದೆ. ಹೆಸರು, ಅಪ್ಪನ ಹೆಸರು, ಊರು, ಕೈಗೆ ಬೆರಳೆಷ್ಟು, ಮೂಗು ಯಾವುದು, ಇದು ಯಾವ ಬಣ್ಣ, ಹಾಲು ಕೊಡುವುದು ಯಾವುದು, ಬಾಯಾರಿದರೆ ಏನು ಕುಡೀತೀಯ, ಹೀಗೆ ಎಂಟು ಅಂತ ಬೆರಳು ಮಡಚಿ ಹೇಳಿದಳು. ದಸರಾ ರಜೆ ಪೂರ್ತಿ ದುರ್ಗಿಯನ್ನು ಕೂರಿಸಿಕೊಂಡು ಆ ಎಂಟನ್ನೂ ಕಲಿಸಿದೆ. ಒಂದು ಸರಿ ಉತ್ತರಕ್ಕೆ ಒಂದು ಹುರಿದ ಶೇಂಗಾ. ಮೊದಲ ವಾರ ಶೇಂಗಾ ಎಲ್ಲ ನಾನೇ ತಿಂದೆ. ಎರಡನೇ ವಾರಕ್ಕೆ ಹೆಸರು ಹೇಳಿದಳು, ನಾಲ್ಕನೆಯದಕ್ಕೆ ಎಂಟೂ ಬಂದವು. ಇದರಲ್ಲಿ ನಾನು ಮಾಡಿದ ಹೊಸ ತಪ್ಪೇನು? ನನ್ನನ್ನು ನೋಡಲು ಬಂದಾಗ ನನ್ನಜ್ಜಿ ಹೀಗೇ ಕಲಿಸಿದ್ದಳು. ನಿನ್ನನ್ನು ನೋಡಲು ನಾವು ಬಂದಾಗ ನಿನ್ನವ್ವನೂ ಕಲಿಸಿದ್ದಳು, ಇಲ್ಲ ಅನ್ನಬೇಡ. ಕಡುಬು ಮಾಡಲು ಬರುತ್ತಾ ಅಂದರೆ ಬರುತ್ತೆ ಅಂದೆ. ಬಂದ ಮೇಲೆ ಮೊದಲನೇ ಪಂಚಮಿಗೆ ನಿನ್ನ ಕಡುಬು ನಾಯಿಯೂ ಮುಟ್ಟಲಿಲ್ಲ. ಮಗುವನ್ನು ನಾಲ್ಕು ಜನರ ಮುಂದೆ ಕೂರಿಸುವಾಗ ಇರುವುದಕ್ಕಿಂತ ಒಂದು ಕೈ ಹೆಚ್ಚೇ ತೋರಿಸುವುದು ನಮಗೆ ಹಾಲು ಕುಡಿದಷ್ಟೇ ಹಳೆಯ ಅಭ್ಯಾಸ. ಹೊಸ ಲಂಗ ತೊಡಿಸಿದೆ, ಎರಡು ಜಡೆ ಹಾಕಿ ಕನಕಾಂಬರ ಮುಡಿಸಿದೆ, ದೃಷ್ಟಿ ತಾಗಬಾರದು ಅಂತ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟೆ.

ಸಾಲಿನಲ್ಲಿ ನೂರಾರು ಮಕ್ಕಳು. ಒಂದು ಅಳುತ್ತಿತ್ತು, ಒಂದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ನಮ್ಮದು ಬೊಂಬೆಯ ಹಾಗೆ ಕೂತಿತ್ತು. ನಮ್ಮ ಪಾಳಿ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು, ಡಾಕ್ಟರಿಗೂ ಹಸಿವು. ದೊಡ್ಡಕ್ಕ ಹೇಳಿದ ಎಂಟೇ ಪ್ರಶ್ನೆ, ಅದೇ ಸಾಲಿನಲ್ಲಿ. ದುರ್ಗಿ ಎಂಟಕ್ಕೆ ಎಂಟು ಹೇಳಿ ಶೇಂಗಾಕ್ಕೆ ಕೈ ಚಾಚಿದಳು. ಹಿಂದೆ ನಿಂತವರು ಬಾಯಿ ಬಿಟ್ಟು ನೋಡಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮಗು ಜನರ ಮುಂದೆ ಗೆದ್ದಿತು. ಆಮೇಲೆ ಮನೆಯ ವಿಷಯ ಒಂದಿಷ್ಟು ನನ್ನನ್ನೇ ಕೇಳಿದರು, ಹೇಳಿದೆ, ಅದಿರಲಿ. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಐದು ನಿಮಿಷದಲ್ಲಿ ನಾನು ಬದನೆಕಾಯಿ ಕೂಡ ಆರಿಸುವುದಿಲ್ಲ.

ನುಜಹತ್ ಟೀಚರ್ ಎಲ್ಲ ಕೇಳಿಸಿಕೊಂಡು ದುರ್ಗಿಯ ಎದುರು ಕೂತರು. ಅವೇ ಪ್ರಶ್ನೆಗಳು, ಸಾಲು ಮಾತ್ರ ಹಿಂದುಮುಂದು. ಬೆರಳು ಎಷ್ಟು ಅಂದರೆ “ದುರ್ಗಾಂಬಿಕಾ” ಅಂತ ಪೂರ್ತಿ ಹೆಸರು ಹೇಳಿದಳು. ಮೂಗು ಯಾವುದು ಅಂದರೆ “ಮಾರುತೇಶ್.” ಹಾಲು ಕೊಡುವುದು ಯಾವುದು ಅಂದರೆ “ಸಾಸ್ವೆಹಳ್ಳಿ.” ಹೇಳಿ ಹೇಳಿ ಶೇಂಗಾಕ್ಕೆ ಕೈ ಚಾಚಿದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ಡಬ್ಬ ತಂದು ಅವಳ ಮಡಿಲಿಗೆ ಸುರಿದುಬಿಟ್ಟೆ. ಅವಳು ಪ್ರಶ್ನೆ ಕಲಿತಿರಲಿಲ್ಲ, ಸಾಲು ಕಲಿತಿದ್ದಳು.

ಟೀಚರ್ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ನಾನೂ ಎರಡು ಅನ್ನಬಹುದಿತ್ತು. “ಅಜ್ಜೀ, ಶಾಲ್ಯಾಗೆ ಎರಡು ವರ್ಷದಾಗ ಆಗದಿದ್ದನ್ನ ನೀವು ಒಂದು ತಿಂಗಳಾಗೆ ಶೇಂಗಾ ಕೊಟ್ಟು ಮಾಡೀರಿ. ಈಕೆ ಕಲೀತಾಳೆ ಅಂತ ಆತಲ್ಲ. ಕೇಂದ್ರದಾಗೂ ಇದನ್ನೇ ಮಾಡೋದು, ಸರಿಯಾಗಿ ಮಾಡ್ತಾರೆ. ಆದ್ರೆ ಅಲ್ಲಿಗೆ ಹೋಗಾಕೆ, ಈಕೆಗೆ ಏನೇನು ಬರಲ್ಲ ಅಂತ ಮೊದ್ಲು ಬರೆಸಬೇಕು” ಅಂದರು. ನೋಡು, ಕಲಿಯಬಲ್ಲಳು ಅಂತ ನಾನು ತೋರಿಸಿದ್ದಕ್ಕೇ ಕಲಿಯುವ ಜಾಗ ತಪ್ಪಿತು. ಇದನ್ನು ಯಾವ ದೇವರ ಮುಂದೆ ಹೇಳಿ ಕಾಯಿ ಒಡೆಯಲಿ?

ಅಂಜಿನಪ್ಪ ಮತ್ತೆ ಓಡಾಡಿ, ಇನ್ನೊಂದು ಸಲ ನೋಡಬೇಕು ಅಂತ ಅರ್ಜಿ ಬರೆಸಿ, ಸಾಹೇಬರನ್ನು ಹಿಡಿದು ಸಹಿ ಹಾಕಿಸಿದ್ದಾನೆ. ಈ ತಿಂಗಳು ಇಪ್ಪತ್ತೆಂಟು, ಶುಕ್ರವಾರ, ಚನ್ನಗಿರಿಯಲ್ಲಿ. ಡಿಸೆಂಬರಿಗೆ ಕೇಂದ್ರದ ಪಟ್ಟಿ ಮುಚ್ಚುತ್ತದೆ. ಇದೊಂದು ತಪ್ಪಿದರೆ ಮುಂದಿನ ಪಟ್ಟಿ ಯಾವಾಗ ಅಂತ ಕೇಳಿದೆ, ಅವನು ಆಕಾಶ ನೋಡಿದ. ಮಾರುತೇಶ್ ತಾನೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ಅವನಿಗೆ ಮಗಳು ಯಾವ ಕೈಯಲ್ಲಿ ಉಣ್ಣುತ್ತಾಳೆ ಅಂತಲೂ ಗೊತ್ತಿಲ್ಲ, ಡಾಕ್ಟರು ಏನು ಕೇಳಿದರೂ ಅಮ್ಮನ್ನ ಕೇಳ್ರಿ ಅನ್ನುತ್ತಾನೆ. ಆದರೂ ಹೋಗಲಿ. ನಿನಗೆ ಹಾಸ್ಟೆಲ್ಲಿನಲ್ಲಿ ರಜೆ ಸಿಗುವುದು ಕಷ್ಟ, ಪರೀಕ್ಷೆ ಹತ್ತಿರ ಬಂತು, ಅಷ್ಟು ಮಕ್ಕಳ ಹೊಟ್ಟೆ ನಿನ್ನ ಕೈಲಿದೆ. ವಿಷಯ ತಿಳಿದಿರಲಿ ಅಂತ ಬರೆದೆ ಅಷ್ಟೇ. ನೀನು ಜಗಳೂರಿಗೆ ಹೋದದ್ದು ಸಂಬಳಕ್ಕೆ ಅಂತ ಬೀದಿಯವರಿಗೆ ಹೇಳಿದ್ದೇನೆ. ಯಾಕೆ ಅಂತ ನಮ್ಮಿಬ್ಬರಿಗೆ ಗೊತ್ತಿದ್ದರೆ ಸಾಕು.

ನಿನ್ನ ಜೊತೆ ಅಡುಗೆ ಮಾಡುವ ಕೊಲ್ಲಾಪುರಮ್ಮನಿಗೆ ಕೇಳಿದೆ ಅಂತ ಹೇಳು, ಆಕೆ ಕೊಟ್ಟ ಹುಣಸೆಹಣ್ಣು ಚೆನ್ನಾಗಿತ್ತು. ನಿನ್ನ ಕೈಯಲ್ಲಿ ಉಂಡ ಮಕ್ಕಳೆಲ್ಲ ಗಟ್ಟಿಯಾಗಿರಲಿ, ನಿನ್ನ ಕಾಲಿಗೆ ಬಲ ಬರಲಿ, ತಾಯಿ ಉಚ್ಚಂಗಿ ಕಾಯಲಿ. ಬಾಯಲ್ಲಿ ಎಂದೂ ಹೇಳದಿದ್ದರೂ ದಿನಾ ದೀಪ ಹಚ್ಚುವಾಗ ಇಷ್ಟು ಹೇಳಿಕೊಳ್ಳುತ್ತೇನೆ.

ನಿನ್ನ ಅತ್ತೆ,
ಉಚ್ಚಂಗೆಮ್ಮ

ತಾ.ಕ.: ಬಸವರಾಜ್ ಬೈಕು ಚಾಲೂ ಮಾಡಿ ಅಂಗಳದಲ್ಲಿ ನಿಂತಿದ್ದಾನೆ, ಹೆಣ್ಣಿನ ಮನೆಯವರು ಕಾಯುತ್ತಾರೆ ಅಂತ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ. ಮೇಲೆ ಬರೆದದ್ದು ಅರ್ಧ. ಡಾಕ್ಟರು ನನ್ನನ್ನೇ ಕೇಳಿದರು ಅಂತ ಬರೆದೆನಲ್ಲ, ಅಂಕಿ ಇಳಿದದ್ದು ಅದರಿಂದಲೇ ಅಂತ ಟೀಚರ್ ಹೇಳಿದರು. ತಾನೇ ಉಣ್ಣುತ್ತಾಳಾ ಅಂದರು, ಉಣ್ಣುತ್ತಾಳೆ ಅಂದೆ. ಬಟ್ಟೆ ಹಾಕಿಕೊಳ್ಳುತ್ತಾಳಾ, ಹಾಕಿಕೊಳ್ಳುತ್ತಾಳೆ ಅಂದೆ. ಒಬ್ಬಳೇ ಬಿಟ್ಟರೆ ಮನೆಗೆ ದಾರಿ ಗೊತ್ತಾ, ಗೊತ್ತು ಅಂದೆ. ಒಂದಕ್ಕೆ ಬಂದರೆ ಹೇಳುತ್ತಾಳಾ ಅಂದರು. ಅದೇ ಹೊತ್ತಿಗೆ ಅವಳ ಹೊಸ ಲಂಗ ನನ್ನ ತೊಡೆಯ ಮೇಲೆ ಒದ್ದೆಯಾಗುತ್ತಿತ್ತು. ಸೆರಗು ಎಳೆದು ಮುಚ್ಚಿ, ಹೇಳುತ್ತಾಳೆ ಅಂದೆ. ಹೋದ ವರ್ಷ ನ್ಯಾಮತಿಯಲ್ಲಿ ನನ್ನ ತಂಗಿಯ ಮಗಳ ಸೀಮಂತದಲ್ಲಿ ನಾಲ್ಕು ಜನ ಕೇಳಿದಾಗ ನೀನು ಮುಚ್ಚುಮರೆ ಇಲ್ಲದೆ ಹೇಳಿದೆ, “ನನ್ನ ಮಗ್ಳಿಗೆ ಬುದ್ಧಿ ಬೆಳವಣಿಗೆ ಕಮ್ಮಿ ಐತೆ, ಕಲಿಸಾಕೆ ಜಾಗ ಹುಡುಕ್ತಿದೀನಿ” ಅಂತ. ನಾನು ಅಷ್ಟು ಜನರ ಮುಂದೆ “ಹೆತ್ತ ಮಗೀಗೆ ಹಿಂಗನ್ನೋಳು ತಾಯೇನೆ?” ಅಂದೆ. ನೀನು ಉಣ್ಣದೆ ಎದ್ದೆ, ತಿಂಗಳೊಳಗೆ ಜಗಳೂರಿನ ಕೆಲಸ ಹಿಡಿದೆ. ನೀನು ಹೇಳಿದ್ದು ನಿಜ, ನಾನು ಅಂದದ್ದು ಸುಳ್ಳು. ಮಾರುತೇಶನಿಂದ ಆಗುವುದಿಲ್ಲ, ನನ್ನ ಬಾಯಿಂದ ಅವಳಿಗೆ ಬರಲ್ಲ ಅನ್ನುವ ಮಾತು ಇನ್ನೂ ಹೊರಡುವುದಿಲ್ಲ, ನಿನ್ನೆ ಕನ್ನಡಿ ಮುಂದೆ ಕೂತು ನೋಡಿದೆ. ಇಪ್ಪತ್ತೆಂಟಕ್ಕೆ ನೀನೇ ಬಾ. ಬೆಳಿಗ್ಗೆ ಒಂಬತ್ತಕ್ಕೆ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ದುರ್ಗಿಯನ್ನು ಕರೆದುಕೊಂಡು ನಿಂತಿರುತ್ತೇನೆ, ಮನೆಯ ಲಂಗದಲ್ಲೇ, ಹೂವಿಲ್ಲದೆ. ನೀನು ಒಳಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು, ಒಂದೂ ಬಿಡಬೇಡ. ನಾನು ಬಾಗಿಲಲ್ಲಿ ಕೂತಿರುತ್ತೇನೆ. ಸಾಲಿನಲ್ಲಿ ನಿಂತವರು ಯಾರಾದರೂ ಇವಳೆಂಥ ತಾಯಿ ಅಂದರೆ, ಅವರಿಗೆ ಉತ್ತರ ಕೊಡಾಕೆ ನನ್ನ ಬಾಯಿ ಐತೆ.